ಮುನ್ನೂರು ಮೀಟರ್ ಮುಳುಗುವ ವಾಚು, ಮೊಣಕಾಲುದ್ದ ನೀರಿಗೂ ಇಳಿಸದ ನಾವು

ಮೊದಲೇ ಹೇಳಿಬಿಡುತ್ತೇವೆ, ವಾಚು ನಮ್ಮದಲ್ಲ. ಹಾಗಂತ ಕದ್ದದ್ದೂ ಅಲ್ಲ.

ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಾವು ಮೂರು ಜನ. ಅದರಲ್ಲಿ ಒಬ್ಬನ ಚಿಕ್ಕಪ್ಪ ಇಪ್ಪತ್ತೆಂಟು ವರ್ಷ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದು ಹೋದ ತಿಂಗಳು ಊರಿಗೆ ಬಂದರು. ಬರುವಾಗ ದುಬೈಯಲ್ಲಿ ಇಳಿದು ಒಂದು ವಾಚು ಕೊಂಡುಕೊಂಡಿದ್ದರು. ರೋಲೆಕ್ಸ್ ಸಬ್‌ಮರೀನರ್. ಸ್ಟೀಲಿನದು, ಕಪ್ಪು ಮುಖದ್ದು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಟ್ರ್ಯಾಕ್ಟರಿನ ದುಡ್ಡು.

ನಾವು ಅದನ್ನು ನೋಡಿದ ರೀತಿಗೇ ಅವರಿಗೆ ನಗು ಬಂತು. "ಒಂದು ವಾರ ನೀವೇ ಕಟ್ಟಿಕೊಂಡು ಓಡಾಡಿ. ಆಮೇಲೆ ಬೈದು ಬರೆಯಿರಿ ಬೇಕಾದ್ರೆ, ನನಗೇನಿಲ್ಲ" ಅಂದರು. ಎರಡೆರಡು ದಿನ ಹಂಚಿಕೊಂಡೆವು. ಬೈದೇ ಬರೆಯುತ್ತಿದ್ದೇವೆ. ಆದರೆ ಚಿಕ್ಕಪ್ಪನನ್ನಲ್ಲ.

ಕಟ್ಟಿಕೊಂಡಾಗ ಮೊದಲು ಗೊತ್ತಾಗುವುದು ಭಾರ. ಒಂದು ದೊಡ್ಡ ಮೈಸೋಪನ್ನು ಮಣಿಕಟ್ಟಿಗೆ ಕಟ್ಟಿದ ಹಾಗೆ. ಎರಡನೆಯದು ತಣ್ಣಗಿನ ಸ್ಪರ್ಶ. ಮೂರನೆಯದು ಭಯ. ಬಸ್ಸಿನಲ್ಲಿ ಕಂಬಿ ಹಿಡಿಯುವಾಗ ಭಯ, ಬಾವಿಯಿಂದ ನೀರು ಸೇದುವಾಗ ಭಯ, ಬೈಕಿನ ಸ್ಟ್ಯಾಂಡ್ ಎತ್ತುವಾಗ ಭಯ. ಗೆರೆ ಬಿದ್ದರೆ? ಒಬ್ಬ ರಾತ್ರಿ ಮಲಗುವಾಗ ಅದನ್ನು ಬಿಚ್ಚಿ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟ. ಮಾರನೆಯ ಬೆಳಗ್ಗೆ ಅವನ ಅಮ್ಮ ಅಕ್ಕಿ ಅಳೆಯಲು ಕೈ ಹಾಕಿ ಕಿರುಚಿಕೊಂಡರು, ಹಾವೆಂದು ತಿಳಿದು.

ವಾಚು ಚೆನ್ನಾಗಿದೆ, ಅದನ್ನೂ ಹೇಳಲೇಬೇಕು. ಮುಖದ ಸುತ್ತ ಒಂದು ಬಳೆ ಇದೆ, ಬೆಜೆಲ್ ಅನ್ನುತ್ತಾರೆ. ತಿರುಗಿಸಿದರೆ ಟಿಕ್ ಟಿಕ್ ಎಂದು ಒಂದೇ ದಿಕ್ಕಿಗೆ ತಿರುಗುತ್ತದೆ, ಪೂರ್ತಿ ಸುತ್ತಿಗೆ 120 ಟಿಕ್. ಕೀಲಿ ಕೊಡುವ ತಿರುಪನ್ನು ಬಾಟಲಿ ಮುಚ್ಚಳದ ಹಾಗೆ ತಿರುವಿ ಬಿಗಿಯಬೇಕು, ನೀರು ನುಗ್ಗದಂತೆ. ಕತ್ತಲೆಯಲ್ಲಿ ಮುಳ್ಳು ನೀಲಿಯಾಗಿ ಹೊಳೆಯುತ್ತದೆ. ನಮ್ಮಲ್ಲಿ ಹೊಳೆಯುವುದೆಲ್ಲ 'ರೇಡಿಯಂ' ತಾನೇ? ಲಾರಿ ಹಿಂದಿನ ಸ್ಟಿಕ್ಕರೂ ರೇಡಿಯಂ, ಸೈಕಲ್ ಪೆಡಲಿನದೂ ರೇಡಿಯಂ. ಹಳೆಯ ಕಾಲದ ವಾಚುಗಳಲ್ಲಿ ನಿಜಕ್ಕೂ ರೇಡಿಯಂ ಅನ್ನೇ ಬಳಿಯುತ್ತಿದ್ದರು. ಆ ಬಣ್ಣ ಬಳಿಯುವ ಕೆಲಸಕ್ಕಿದ್ದ ಅಮೆರಿಕದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ, ದವಡೆ ಕೊಳೆತು ಸತ್ತರು. ಈಗಿನದು ವಿಕಿರಣವಿಲ್ಲದ ಬಣ್ಣ. ಬೆಳಕು ಕುಡಿದು ಕತ್ತಲಲ್ಲಿ ಬಿಡುತ್ತದೆ.

ಊರಿನಲ್ಲಿ ಇದನ್ನು ಯಾರೂ ಕ್ಯಾರೇ ಅನ್ನಲಿಲ್ಲ. ಜಾತ್ರೆಯಲ್ಲಿ ಇದೇ ಹೆಸರಿನ, ಇದೇ ಮುಖದ ವಾಚು ಐನೂರಕ್ಕೆ ಸಿಗುತ್ತದೆ. ಮೀನಿನಂಗಡಿಯವರು ನೋಡಿ "ಎಷ್ಟು ಕೊಟ್ಟೆ, ಎಂಟುನೂರಾ? ಮೋಸ ಹೋದೆ" ಅಂದರು. ನಮ್ಮ ಗೆಳತಿಯ ಸರದಿ ಬಂದಾಗ ಟೈಲರಂಗಡಿಯ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಇದೆಂತದು, ಅಪ್ಪನ ವಾಚಾ?"

ಪೇಟೆಗೆ ಹೋದಾಗ ಕತೆ ಬದಲಾಯಿತು. ಒಂದು ಬ್ಯಾಂಕಿನಲ್ಲಿ, ಹೆಸರು ಬೇಡ, ಬೆಳೆಸಾಲದ ಕಾಗದ ಹಿಡಿದು ಎರಡು ಸಲ ಅಲೆದು ಬಂದಿದ್ದೆವು. ಎರಡು ಸಲವೂ ಬಾಗಿಲ ಹತ್ತಿರದ ಬೆಂಚು, "ನಾಳೆ ಬನ್ನಿ". ಮೂರನೆಯ ಸಲ ವಾಚು ಕಟ್ಟಿ ಹೋದದ್ದು. ಕಾಗದ ಚಾಚಿದ ಕೈಯನ್ನು ಅಧಿಕಾರಿ ನೋಡಿದರು, ಮತ್ತೊಮ್ಮೆ ನೋಡಿದರು. "ಕುಳಿತುಕೊಳ್ಳಿ ಸರ್" ಅಂದರು. ಕಾಗದ ಅದೇ, ಅಂಗಿ ಅದೇ, ಸಾಲ ಬೇಕಾದ ಜಮೀನೂ ಅದೇ ಒಂದೂಕಾಲು ಎಕರೆ. ಬದಲಾದದ್ದು ಮಣಿಕಟ್ಟು ಮಾತ್ರ. ಚಹಾ ಕೂಡ ಬಂತು.

ಆ ಚಹಾ ಕುಡಿದು ಹೊರಗೆ ಬಂದಾಗ ನಮಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಮೈ ಉರಿಯಿತು. ಬಾಗಿಲ ಬಳಿಯ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಕೂತಿದ್ದರು.

ಈಗ ಯೂಟ್ಯೂಬಿನಲ್ಲಿ ಕನ್ನಡದಲ್ಲೂ ಇಂಥ ವಾಚುಗಳ ಗುಣಗಾನ ಶುರುವಾಗಿದೆ. 'ಇದು ಒಡವೆ ಅಲ್ಲ, ಟೂಲ್ ವಾಚ್', 'ಇದು ಖರ್ಚಲ್ಲ, ಇನ್ವೆಸ್ಟ್‌ಮೆಂಟ್', 'ಕಟ್ಟಿದರೆ ಕಾನ್ಫಿಡೆನ್ಸ್ ಬರುತ್ತದೆ'. ನಮ್ಮ ತಕರಾರು ಇರುವುದು ಈ ಮೂರು ಮಾತಿನ ಮೇಲೆ. ಕಾನ್ಫಿಡೆನ್ಸ್ ವಿಷಯ ಬ್ಯಾಂಕಿನಲ್ಲೇ ಗೊತ್ತಾಯಿತು. ಅದು ಕಟ್ಟಿದವನಿಗೆ ಬರುವುದಲ್ಲ, ಎದುರಿನವನು ಬಾಗುವುದು. ಇನ್ವೆಸ್ಟ್‌ಮೆಂಟ್ ಬಗ್ಗೆ ನಮಗೆ ಮಾತಾಡುವ ಯೋಗ್ಯತೆ ಇಲ್ಲ, ನಮ್ಮದು ಇರುವುದು ಸಂಘದ ವಾರದ ಕಂತು. ಆದರೆ ಟೂಲ್, ಅಂದರೆ ಹತಾರ, ಅನ್ನುವ ಮಾತನ್ನು ಬಿಡಲಾಗುವುದಿಲ್ಲ. ಹತಾರ ಅಂದರೇನು ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಕತ್ತಿ, ಪಿಕಾಸಿ, ಉಳಿ. ಅಟ್ಟದ ಮೇಲೆ ಇಟ್ಟು ಆರತಿ ಎತ್ತಿದರೆ ಅದು ಹತಾರವಲ್ಲ. ಆಯುಧ ಪೂಜೆಯ ದಿನ ಮಾತ್ರ ಎತ್ತುತ್ತೇವೆ, ಮಾರನೆಯ ದಿನ ಅದೇ ಕತ್ತಿಯಲ್ಲಿ ಸೌದೆ ಸೀಳುತ್ತೇವೆ.

ಈ ವಾಚು ಹುಟ್ಟಿದ್ದು ಹತಾರವಾಗಿಯೇ. ಅದು ಸುಳ್ಳಲ್ಲ.

ನೀರೊಳಗೆ ಗಾಳಿಯ ಬಾಟಲಿ ಬೆನ್ನಿಗೆ ಕಟ್ಟಿ ಇಳಿದವನು ಎಷ್ಟು ಹೊತ್ತು ಕೆಳಗಿದ್ದ ಎಂಬುದರ ಮೇಲೆ ಅವನ ಜೀವ ನಿಂತಿರುತ್ತದೆ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ಹೆಚ್ಚು ಹೊತ್ತು ಇದ್ದು ಗಬಕ್ಕನೆ ಮೇಲೆ ಬಂದರೆ, ಸೋಡಾ ಬಾಟಲಿ ಮುಚ್ಚಳ ತೆಗೆದಾಗ ಗುಳ್ಳೆ ಏಳುವ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಕೀಲು ನೋವಿನಿಂದ ಹಿಡಿದು ಲಕ್ವ, ಸಾವಿನವರೆಗೆ ಏನು ಬೇಕಾದರೂ ಆಗಬಹುದು. ಅದಕ್ಕೇ ಆ ತಿರುಗುವ ಬಳೆ. ನೀರಿಗೆ ಇಳಿಯುವ ಕ್ಷಣದಲ್ಲಿ ಬಳೆಯ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರು ತಂದು ನಿಲ್ಲಿಸಬೇಕು. ಆಮೇಲೆ ಮುಳ್ಳು ಎಲ್ಲಿದೆಯೋ ಅಷ್ಟು ನಿಮಿಷ ಆಯಿತೆಂದು ಲೆಕ್ಕ. ಒಂದೇ ದಿಕ್ಕಿಗೆ ತಿರುಗುವುದು ಯಾಕೆಂದರೆ, ಬಂಡೆಗೆ ತಾಗಿ ಬಳೆ ಜರುಗಿದರೂ ಕಳೆದ ಹೊತ್ತು ಹೆಚ್ಚಾಗಿ ಕಾಣುತ್ತದೆಯೇ ಹೊರತು ಕಡಿಮೆಯಾಗಿ ಅಲ್ಲ. ಹೆಚ್ಚು ಕಂಡರೆ ಬೇಗ ಮೇಲೆ ಬರುತ್ತಾನೆ, ಬದುಕುತ್ತಾನೆ. ಇದನ್ನು ಯೋಚಿಸಿದ ತಲೆಗೆ ನಾವು ಕೈ ಮುಗಿಯುತ್ತೇವೆ.

1953ರಲ್ಲಿ ಎರಡು ವಾಚುಗಳು ಬಂದವು. ಒಂದು ಬ್ಲಾಂಕ್‌ಪೇನ್ ಕಂಪನಿಯ ಫಿಫ್ಟಿ ಫ್ಯಾದಮ್ಸ್. ಫ್ರಾನ್ಸಿನ ನೌಕಾಪಡೆಯ ಮುಳುಗು ಸೈನಿಕರಿಗಾಗಿ ಬಾಬ್ ಮಲೂಬಿಯೆ ಎಂಬ ಅಧಿಕಾರಿ ಹೀಗೆ ಹೀಗೆ ಇರಬೇಕೆಂದು ಹೇಳಿ ಮಾಡಿಸಿದ್ದು. ಇನ್ನೊಂದು ಇದೇ ಸಬ್‌ಮರೀನರ್. 1962ರಲ್ಲಿ ಜೇಮ್ಸ್ ಬಾಂಡಿನ ಮೊದಲ ಸಿನಿಮಾದಲ್ಲಿ ಅದು ಹೀರೋನ ಕೈಗೆ ಹತ್ತಿತು. ಅಲ್ಲಿಂದ ನೀರು ಬಿಟ್ಟು ಪಾರ್ಟಿಗೆ ಹೊರಟದ್ದು ಇನ್ನೂ ತಿರುಗಿ ಬಂದಿಲ್ಲ.

ಈಗ ಬಾಟಲಿ ಕಟ್ಟಿ ಇಳಿಯುವವರು ಆಳ, ಹೊತ್ತು, ಮೇಲೇರುವ ವೇಗ ಎಲ್ಲ ತೋರಿಸುವ ಡೈವ್ ಕಂಪ್ಯೂಟರ್ ಕಟ್ಟುತ್ತಾರೆ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋಗುವವರ ಮಣಿಕಟ್ಟು ಗಮನಿಸಿ ನೋಡಿ. ಅದರ ಬೆಲೆ ಸಾವಿರಗಳಲ್ಲಿ ಶುರುವಾಗುತ್ತದೆ, ಲಕ್ಷಗಳಲ್ಲಲ್ಲ. ಇನ್ನು ಮುಖದ ಮೇಲೆ ಬರೆದ 300 ಮೀಟರ್! ಮೋಜಿಗೆ ಡೈವ್ ಮಾಡುವವರಿಗೆ ಮಿತಿ 40 ಮೀಟರ್. ಬಾಟಲಿ ಕಟ್ಟಿ ಮನುಷ್ಯ ಇಳಿದ ದಾಖಲೆಯ ಆಳವೇ 332 ಮೀಟರ್, 2014ರಲ್ಲಿ ಈಜಿಪ್ಟಿನ ಅಹ್ಮದ್ ಗಬ್ರ್ ಕೆಂಪು ಸಮುದ್ರದಲ್ಲಿ ಮಾಡಿದ್ದು. ಹಾಗಾದರೆ ಈ ಮುನ್ನೂರು ಮೀಟರ್ ಯಾರಿಗೆ? ಮದುವೆ ಊಟದ ನಂತರ ಕೈ ತೊಳೆಯುವವರಿಗೆ.

ಸಮಯವನ್ನಾದರೂ ಚೆನ್ನಾಗಿ ತೋರಿಸುತ್ತದೆಯೇ? ದಿನಕ್ಕೆ ಎರಡು ಸೆಕೆಂಡು ಹೆಚ್ಚು ಕಡಿಮೆ ಎಂದು ಕಂಪನಿಯೇ ಹೇಳುತ್ತದೆ. ಸ್ಪ್ರಿಂಗಿನ ಯಂತ್ರಕ್ಕೆ ಅದು ಬಹಳ ದೊಡ್ಡ ಸಾಧನೆ. ಆದರೆ ಸೆಲ್ ಹಾಕುವ ಸಾದಾ ವಾಚು ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡು ತಪ್ಪಿದರೆ ಹೆಚ್ಚು. ನೀವು ಇದನ್ನು ಓದುತ್ತಿರುವ ಫೋನು ಅಷ್ಟೂ ತಪ್ಪುವುದಿಲ್ಲ.

ಸ್ಪ್ರಿಂಗಿನ ವಾಚು ನಮಗೇನು ಹೊಸತೇ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಯಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 'ಜನತಾ' ಅನ್ನುವ ಅದರ ವಾಚು ನಮ್ಮ ಮೂವರ ಅಜ್ಜಂದಿರಲ್ಲಿ ಇಬ್ಬರ ಕೈಯಲ್ಲಿತ್ತು. ಅದರ ಹೆಸರೇ ಜನತಾ! ಬೆಳಗ್ಗೆ ಕಾಫಿ ಕುಡಿಯುತ್ತಾ ಕೀಲಿ ಕೊಡುವುದು ಅವರ ದಿನದ ಮೊದಲ ಕೆಲಸ. 2016ರಲ್ಲಿ ಆ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ತಮಾಷೆ ನೋಡಿ, ಅದೇ ವರ್ಷ ನಮ್ಮ ರಾಜ್ಯದಲ್ಲಿ ವಾರಗಟ್ಟಲೆ ಸುದ್ದಿಯಾದದ್ದು ಒಂದು ಹ್ಯೂಬ್ಲೊ ವಾಚು. ಅದು ಕೊನೆಗೆ ವಿಧಾನಸಭೆಯ ಸ್ಪೀಕರ್ ಕೈ ಸೇರಿತು. ಜನತಾ ವಾಚು ಹೋದದ್ದಕ್ಕೆ ಯಾರೂ ಸದನದಲ್ಲಿ ಬಾವಿಗಿಳಿದ ನೆನಪಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಹೊಳೆಗೆ ಬರಬೇಕು. ಸಿಟ್ಟು ಇರುವುದು ಅಲ್ಲಿ.

ನಮ್ಮೂರಿನಲ್ಲಿ ಒಬ್ಬ ಅಣ್ಣ ಇದ್ದಾನೆ. ಹೆಸರು ಹಾಕಬೇಡಿ ಎಂದಿದ್ದಾನೆ. ಮೀನುಗಾರಿಕೆ ಬೋಟಿನ ಕೆಲಸ. ನಡುಗಡಲಿನಲ್ಲಿ ಬೋಟಿನ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಬಾಯಲ್ಲಿ ಚೂರಿ ಕಚ್ಚಿಕೊಂಡು ನೀರಿಗೆ ಹಾರಿ ಕತ್ತರಿಸಿ ಬರುವವನು ಅವನೇ. ಊರಿನಲ್ಲಿದ್ದಾಗ ಇನ್ನೊಂದು ಕೆಲಸ ತಾನಾಗಿ ಬರುತ್ತದೆ. ಹೊಳೆಗೆ ಬಿದ್ದವರನ್ನು ಹುಡುಕುವುದು. ಮಳೆಗಾಲದಲ್ಲಿ ಕಾಲು ಜಾರಿದವರು, ರಜೆಯಲ್ಲಿ ಈಜಲು ಬಂದ ಕಾಲೇಜು ಹುಡುಗರು, ಬದುಕು ಸಾಕೆಂದು ಸೇತುವೆಯಿಂದ ಹಾರಿದವರು. ಫೋನ್ ಬರುತ್ತದೆ, ಅವನು ಲುಂಗಿ ಕಟ್ಟಿ ಹೊರಡುತ್ತಾನೆ.

ಅವನ ಹತ್ತಿರ ಇರುವುದು ಒಂದು ನೈಲಾನ್ ಹಗ್ಗ, ಒಡೆದು ಅಂಟು ಹಾಕಿದ ಒಂದು ಮಾಸ್ಕು. ಕೆಲವು ಸಲ ಮಾಸ್ಕೂ ಇಲ್ಲ.

ವಾಚು ತೋರಿಸಲು ಅವನ ಮನೆಗೆ ಹೋದೆವು. ಕಟ್ಟಿಕೊಂಡು ನೋಡಿದ. "ಭಾರ ಉಂಟು ಮಾರಾಯ" ಅಂದ. ಬಳೆ ಯಾಕೆಂದು ವಿವರಿಸಿದೆವು, ಕೇಳಿದ. "ನಂಗೆ ಬಾಟ್ಲಿ ಎಲ್ಲಿಂದ? ನಾನು ಉಸಿರು ಕಟ್ಟಿ ಎಣಿಸ್ತೇನೆ. ತೊಂಬತ್ತಾದ್ರೆ ವಾಪಸ್ಸು" ಅಂದ. ಆಮೇಲೆ ಎರಡೂ ಕೈ ಬೊಗಸೆ ಮಾಡಿ ವಾಚಿನ ಮುಖ ಮುಚ್ಚಿ ಒಳಗೆ ಇಣುಕಿದ. ನೀಲಿ ಬೆಳಕು ಕಂಡಿತು. ತುಂಬಾ ಹೊತ್ತು ಇಣುಕಿಯೇ ಇದ್ದ.

"ಇದೊಂದು ಒಳ್ಳೇದು" ಅಂದ. "ಕೆಳಗೆ ಕತ್ತಲೆ ತಂಗಿ. ಮಳೆಗಾಲದ ಕೆಂಪು ನೀರಲ್ಲಿ ಕಣ್ಣು ಬಿಟ್ರೂ ಒಂದೇ, ಮುಚ್ಚಿದ್ರೂ ಒಂದೇ. ಕೈಯಲ್ಲಿ ತಡವುದು. ಮರದ ಬೇರೋ, ಬಟ್ಟೆಯೋ, ಕೂದಲೋ ಅಂತ ಕೈಗೇ ಗೊತ್ತಾಗ್ಬೇಕು."

ಮುಳುಗು ವಾಚುಗಳಿಗೆ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಕಗ್ಗತ್ತಲೆಯಲ್ಲಿ 25 ಸೆಂಟಿಮೀಟರ್ ದೂರದಿಂದ ಮುಳ್ಳು ಓದಲು ಸಿಗಬೇಕು, ಬರೆದ ಆಳಕ್ಕಿಂತ ಕಾಲು ಪಾಲು ಹೆಚ್ಚು ಒತ್ತಡದಲ್ಲಿ ಪರೀಕ್ಷೆ ಆಗಬೇಕು, ಹೀಗೆ. ವಾಚು ನೀರಿಗೆ ಇಳಿಯಬೇಕಾದರೆ ಇಷ್ಟು ನಿಯಮ. ಮನುಷ್ಯ ನೀರಿಗೆ ಇಳಿಯಬೇಕಾದರೆ ನಮ್ಮೂರಿನಲ್ಲಿ ಇರುವ ನಿಯಮ ಒಂದೇ, ಅವನ ಫೋನ್ ನಂಬರ್ ಯಾರ ಹತ್ತಿರವಾದರೂ ಇರಬೇಕು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಹೆದ್ದಾರಿಯಲ್ಲಿದ್ದ ಲಾರಿ ಗಂಗಾವಳಿ ಹೊಳೆಯ ಪಾಲಾಯಿತು. ನೌಕಾಪಡೆ ಬಂತು, ಯಂತ್ರಗಳು ಬಂದವು, ಟಿವಿಯವರು ಸಾಲುಗಟ್ಟಿ ನಿಂತರು. ಆ ನೀರಿನ ಸೆಳೆತಕ್ಕೆ ಕರಾವಳಿಯ ಖಾಸಗಿ ಮುಳುಗುಗಾರರೂ ಇಳಿದರು. ಕೇರಳದ ಚಾಲಕನ ದೇಹ ಲಾರಿಯ ಸಮೇತ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳು ನಾಡಿಗೆ ನಾಡೇ ನೋಡಿತು, ನೀರೊಳಗಿನ ಹುಡುಕಾಟ ಎಂದರೆ ಎಷ್ಟು ಕಷ್ಟವೆಂದು. ಅಲ್ಲಿ ಕ್ಯಾಮೆರಾ ಇತ್ತು. ನಮ್ಮ ಹೊಳೆಯಂಥ ಹೊಳೆಗಳಲ್ಲಿ ಕ್ಯಾಮೆರಾ ಇರುವುದಿಲ್ಲ. ದಡದಲ್ಲಿ ಅಳುವ ಮನೆಯವರು ಮತ್ತು ನೀರಲ್ಲಿ ಎಣಿಸುವ ಇವನು, ಅಷ್ಟೇ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 38 ಸಾವಿರಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸತ್ತಿದ್ದಾರೆ. ಅಷ್ಟು ದೇಹಗಳನ್ನು ಮೇಲೆ ತಂದವರು ಯಾರು? ಪತ್ರಿಕೆಯಲ್ಲಿ ನಾವೇ ಬರೆಯುತ್ತೇವೆ, 'ಸ್ಥಳೀಯ ಮುಳುಗು ತಜ್ಞರ ನೆರವಿನಿಂದ ಶವ ಹೊರತೆಗೆಯಲಾಯಿತು' ಅಂತ. ನಾವೂ ಈ ವಾಕ್ಯ ಹನ್ನೊಂದು ಸಲ ಬರೆದಿದ್ದೇವೆ, ಹಳೆಯ ಕಡತ ತೆಗೆದು ಎಣಿಸಿದೆವು. ಹನ್ನೊಂದರಲ್ಲಿ ಒಮ್ಮೆಯೂ ಆ ತಜ್ಞನಿಗೆ ಏನು ಕೊಟ್ಟರು, ವಿಮೆ ಉಂಟಾ, ಹಗ್ಗ ಯಾರದು ಎಂದು ಕೇಳಿಲ್ಲ. ತಜ್ಞ ಎಂಬ ದೊಡ್ಡ ಪದ ಕೊಟ್ಟು ಕೈ ತೊಳೆದುಕೊಂಡೆವು. ಅವನಿಗೆ ಸಿಗುವುದು ಚಹಾ, ಒಮ್ಮೊಮ್ಮೆ ಐನೂರು ರೂಪಾಯಿ. ಜಾತ್ರೆಯ ನಕಲಿ ವಾಚಿನ ಬೆಲೆ.

ಇಲ್ಲಿ ಒಬ್ಬ ಹೆಣ್ಣುಮಗಳನ್ನು ನೆನೆಯಬೇಕು. 1927ರಲ್ಲಿ ಲಂಡನ್ನಿನ ಟೈಪಿಸ್ಟ್ ಹುಡುಗಿ ಮರ್ಸಿಡಿಸ್ ಗ್ಲೈಟ್ಸೆ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿದಳು. ಕೆಲವು ದಿನಗಳಲ್ಲೇ ಇನ್ನೊಬ್ಬಳು ತಾನೂ ಈಜಿದೆನೆಂದು ಸುಳ್ಳು ಹೇಳಿ, ಆಮೇಲೆ ತಾನೇ ಅದನ್ನು ಒಪ್ಪಿಕೊಂಡಳು. ಜನ ಇವಳನ್ನೂ ಅನುಮಾನಿಸಿದರು. ಸರಿ, ಅಕ್ಟೋಬರ್ 21ರಂದು ಮತ್ತೆ ನೀರಿಗಿಳಿದಳು. ಆಗ ರೋಲೆಕ್ಸ್ ಕಂಪನಿಯ ಹೊಸ ನೀರುನಿರೋಧಕ ವಾಚು ಅವಳ ಕೊರಳಲ್ಲಿತ್ತು. ಹತ್ತು ಗಂಟೆಗೂ ಹೆಚ್ಚು ಹೊತ್ತು ಕೊರೆಯುವ ನೀರಿನಲ್ಲಿ ಈಜಿ, ಚಳಿಗೆ ಮರಗಟ್ಟಿ, ದಡ ಸೇರುವ ಮೊದಲೇ ಅವಳನ್ನು ದೋಣಿಗೆ ಎಳೆದುಕೊಂಡರು. ವಾಚು ಮಾತ್ರ ನಡೆಯುತ್ತಿತ್ತು. ಮರುತಿಂಗಳು ಡೈಲಿ ಮೇಲ್ ಪತ್ರಿಕೆಯ ಮುಖಪುಟ ತುಂಬಾ ಆ ವಾಚಿನ ಜಾಹೀರಾತು. ಗೆದ್ದದ್ದು ವಾಚು. ಅವಳು ಮುಂದೆ ತನಗೆ ಬಂದ ಹೆಸರನ್ನು ಬಳಸಿ ಲೆಸ್ಟರ್ ನಗರದಲ್ಲಿ ನೆಲೆಯಿಲ್ಲದವರಿಗೆ ಆಶ್ರಯದ ಮನೆ ಮಾಡಿದಳು. ಅದು ಯಾವ ವಾಚಿನಂಗಡಿಯ ಗೋಡೆಯ ಮೇಲೂ ಇರಲಿಕ್ಕಿಲ್ಲ.

ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ. ಚಿಕ್ಕಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಇಪ್ಪತ್ತೆರಡು ವರ್ಷದವನು. ಚೀಫ್ ಇಂಜಿನಿಯರ್ ಕೈಯಲ್ಲಿ ಇದೇ ವಾಚು. ಆತ ನನ್ನ ಹೆಸರು ಹಿಡಿದು ಒಂದು ದಿನ ಕರೀಲಿಲ್ಲ, ಏಯ್ ಅಂತಿದ್ದ. ಆವತ್ತು ಮನಸ್ಸಲ್ಲಿ ಕೂತದ್ದು. ಅದಕ್ಕೆ ತಗೊಂಡೆ" ಅಂದರು. ನಮಗೆ ಉತ್ತರ ಹೊಳೆಯಲಿಲ್ಲ. ದುಡಿದ ದುಡ್ಡು, ಅವರ ಕೈ, ಅವರ ವಾಚು. ಒಬ್ಬ ಮನುಷ್ಯನನ್ನು 'ಏಯ್' ಎಂದು ಕರೆದು, ಅವನು ಇಪ್ಪತ್ತೆಂಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ಒಂದು ಟ್ರ್ಯಾಕ್ಟರಿನ ದುಡ್ಡು ಕೊಟ್ಟು ಮರ್ಯಾದೆ ವಾಪಸ್ಸು ಕೊಳ್ಳುವಂತೆ ಮಾಡಿತಲ್ಲ ಈ ಲೋಕ, ನಮ್ಮ ಜಗಳ ಅದರ ಜೊತೆ. ಬೆಂಚಿನ ಮೇಲೆ ಕೂತ ನಾಲ್ವರನ್ನು ಬಿಟ್ಟು ನಮಗೆ ಚಹಾ ತರಿಸಿದ್ದೂ ಅದೇ ಲೋಕ.

ಆದರೆ ಚಿಕ್ಕಪ್ಪ ಅಷ್ಟಕ್ಕೆ ಬಿಡಲಿಲ್ಲ. "ಆ ಹುಡುಗನಿಗೆ ಏನು ಬೇಕಂತೆ, ಪಟ್ಟಿ ಮಾಡಿ ಕೊಡಿ" ಅಂದರು. ಅಣ್ಣನನ್ನೇ ಕೂರಿಸಿಕೊಂಡು ಪಟ್ಟಿ ಮಾಡಿದೆವು. ವಾಚು ಅದರಲ್ಲಿ ಇಲ್ಲ. ಒಳ್ಳೆ ಮಾಸ್ಕು ಎರಡು, ಯಾಕೆಂದರೆ ಒಬ್ಬನೇ ಇಳಿಯಬಾರದು. ನೀರೊಳಗೆ ಉರಿಯುವ ಟಾರ್ಚು. ಐವತ್ತು ಮೀಟರ್ ಗಟ್ಟಿ ಹಗ್ಗ, ಸೊಂಟಕ್ಕೆ ಪಟ್ಟಿ. ದಡದಲ್ಲಿ ನಿಂತು ಹಗ್ಗ ಹಿಡಿಯುವವರಿಗೆ ಲೈಫ್ ಜಾಕೆಟ್. ಶವ ತೆಗೆದ ಮೇಲೆ ತೊಡಲು, ತೊಳೆಯಲು ಕೈಗವಸು, ಸೋಪು. ಅಪಘಾತ ವಿಮೆ. ಬಾಟಲಿ ಡೈವಿಂಗಿನ ತರಬೇತಿಗೆ ಊರಿನ ಇಬ್ಬರು ಹುಡುಗರನ್ನು ಕಳಿಸುವ ಖರ್ಚು. ಕರೆದವರು ಹೋಗಿ ಬರುವ ರಿಕ್ಷಾ ಬಾಡಿಗೆ ಕೊಡಬೇಕು, ಇದನ್ನು ಅವನೇ ನಾಚಿಕೊಂಡು ಸೇರಿಸಿದ್ದು.

ಮೊದಲ ನಾಲ್ಕು ಚಿಕ್ಕಪ್ಪ ತಂದುಕೊಡುತ್ತೇನೆ ಎಂದಿದ್ದಾರೆ. ಸಂತೋಷ. ಆದರೆ ಇದು ಯಾರದೋ ಚಿಕ್ಕಪ್ಪ ಕೊಡಬೇಕಾದ ದಾನವಲ್ಲ. ಹೆಣ ತೆಗೆಸುವುದು ಸರ್ಕಾರದ ಕೆಲಸ, ತೆಗೆಯುವವನ ಜೀವದ ಜವಾಬ್ದಾರಿಯೂ ಸರ್ಕಾರದ್ದೇ. ವಿಮೆ, ತರಬೇತಿ, ಗೌರವಧನ ಕೇಳಿ ಅರ್ಜಿ ಬರೆದಿದ್ದೇವೆ. ಮುಂದಿನ ಗ್ರಾಮಸಭೆಯಲ್ಲಿ ಓದುತ್ತೇವೆ, ನಡಾವಳಿ ಪುಸ್ತಕದಲ್ಲಿ ಬರೆಸುತ್ತೇವೆ. ಬರೆಸದೆ ಏಳುವುದಿಲ್ಲ. ನಿಮ್ಮ ಊರಿನ ಹೊಳೆ, ಕೆರೆ, ಕಾಲುವೆಯ ಹತ್ತಿರವೂ ಇಂಥ ಒಬ್ಬ ಅಣ್ಣ ಇದ್ದೇ ಇರುತ್ತಾನೆ. ಅರ್ಜಿಯ ಪ್ರತಿ ಬೇಕಾದವರು ಕೇಳಿ, ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಊರಿನ ಹೆಸರು, ಹೊಳೆಯ ಹೆಸರು ಬದಲಿಸಿಕೊಂಡರೆ ಸಾಕು.

ವಾಚನ್ನು ನಿನ್ನೆ ವಾಪಸ್ಸು ಕೊಟ್ಟೆವು. ಬಳೆಯ ಸಂದಿಯಲ್ಲಿ ಎರಡು ಅಕ್ಕಿ ನುಚ್ಚು ಸಿಕ್ಕಿಕೊಂಡಿತ್ತು, ಚಿಕ್ಕಪ್ಪ ಸೂಜಿಯಲ್ಲಿ ತೆಗೆದರು.